ಖಾಲಿ ಬಸ್ಸಿಗೆ ಮಂದಿ ತುಂಬಾಂವ

ನನ್ನ ತಮ್ಮಗ ಹುಚ್ಚು ಹಿಡದದ ಅಂತ ನಾ ಹೇಳಂಗಿಲ್ಲ. ಹೇಳಿದ್ರ ಹುಚ್ಚರು ಬ್ಯಾಸರ ಮಾಡ್ಕೊಂಡಾರು! ಹುಚ್ಚರಿಗೆ ನಡುನಡುವ ಬಿಡುವಾದ್ರೂ ಇರತದ, ಇವಗ ಅದೂ ಇಲ್ಲ.

ಧಾರವಾಡದ ಕಡಿಂದ ಬಂದು ಪಿಂಪ್ರಿ ಕಾರ್ಖಾನಿಯೊಳಗ ದುಡದಾಂವ. ಮರಾಠಿ ಹುಡುಗಿನ್ನ ಮದಿವಿ ಆದ. ನೌಕರಿ ಮುಗದಮ್ಯಾಲೆ ಹೆಂಡತಿ ಊರಿಗೆ ಹೋಗಿ ಕೂತ. ಭೋರ್ ದಾಟಿ, ಗುಡ್ಡ ಏರಿ, ಇನ್ನ ದಾರಿ ಮುಗೀತು ಅನ್ನೋದ್ರಾಗ ಆ ಊರು. ಅಲ್ಲೆ ಮಂದಿಗಿಂತ ಬಾಗಲಕ್ಕ ಬಿದ್ದ ಕೀಲೀನ ಹೆಚ್ಚು. ಹೋಗಿ ಬರಲಿಕ್ಕೆ ಒಂದ ಸರ್ಕಾರಿ ಬಸ್ಸು. ಅದಕ್ಕ ಮಂದಿ ಇಲ್ಲ, ಬಂದ್ ಮಾಡ್ತೀವಿ ಅಂತ ಬಸ್ ಡಿಪೋದ ಸಾಹೇಬ ಅಂದದ್ದೇ ತಡ, ನನ್ನ ತಮ್ಮಗ ಮೈಮ್ಯಾಲೆ ದೇವರು ಬಂತು!

ಸಾಹೇಬಗ ತೋರಸಲಿಕ್ಕೆ ಮೊದಲ ಊರ ಮಂದಿ ಎಣಸಿದ. ಪಿಂಪ್ರಿಗೆ ಹೋಗಿ ಅಲ್ಲೇ ಮನಿ ಮಾಡಿದವರನ್ನೂ ಲೆಕ್ಕಕ್ಕ ಹಿಡದ.

"ಅವರು ಇಲ್ಲೆಲ್ಲಿ ಇದ್ದಾರೋ?" ಅಂದೆ.

"ಕೆಲಸಕ್ಕ ಹೋಗ್ಯಾರ ಅಕ್ಕಾ. ಸಂಜೀಕ ಬರತಾರ."

ಅವರು ಹೋಗಿ ವರ್ಷಗಟ್ಟಲೆ ಆತು, ಆ ಸಂಜಿ ಇನ್ನೂ ಆಗವಲ್ತು! ಯಾರದೋ ಸೊಸಿ ಬಸರಿದ್ಲು. ಅವಳಿ ಇದ್ರೂ ಇದ್ದೀತು ಅಂತ ಅಲ್ಲೆ ಎರಡು ಹಿಡದ!

ನನ್ನ ಮಗ ಒಮ್ಮೆ ಕಾರಿನಾಗ ಹೋಗಿದ್ದ. ಸೋದರಮಾವ ಅನ್ನಿಸಿಕೊಂಡಾಂವ ಚಾ ಸುದ್ದಾ ಕೊಡಲಿಲ್ಲ. "ಕಾರು ಭೋರಿನಾಗ ಬಿಟ್ಟು ಬಸ್ಸಿಗೆ ಬಾ, ಊಟಾನೇ ಹಾಕತೀನಿ" ಅಂದ. ಇಂಥಾ ಬೀಗತನ ಯಾವ ಊರಾಗ ಅದರೀ?

ಮೊನ್ನೆ ಫೋನ್ ಮಾಡಿದ. "ಅಕ್ಕಾ, ನಾಳೆ ಸಾಹೇಬ ಬಸ್ಸು ನೋಡಲಿಕ್ಕೆ ಬರತಾನ. ಭೋರಿಗೆ ಬಾ, ನಾ ನಿನ್ನ ಕರಕೊಂಡು ಹೋಗತೀನಿ. ಯೆರವಡಾದ ನಿಮ್ಮ ಓಣಿ ಮಂದೀನ್ನೂ ತಗೊಂಡು ಬಾ."

"ಅವರ್ಯಾಕ ಬರತಾರೋ?"

"ಇಲ್ಲೆ ಗಾಳಿ ಭಾಳ ಚಲೋ ಅದ ಅನ್ನು."

ಗಾಳಿ ಕುಡೀಲಿಕ್ಕೆ ದಗದಾ ಬಿಟ್ಟು ಯಾರು ಬರತಾರ? ನಾ ಒಬ್ಬಾಕಿನ ಹೋದೆ, ಬೈಲಿಕ್ಕೆ.

ಭೋರ್ ಸ್ಟ್ಯಾಂಡಿನಾಗ ಬಸ್ಸು ಹತ್ತಿ ನೋಡತೀನಿ, ಎಲ್ಲಾ ಸೀಟೂ ತುಂಬ್ಯಾವ! ಮಂದಿ ಅಲ್ಲರೀ, ವಸ್ತ್ರ. ಕಿಡಕಿಯಾಗಿಂದ ವಸ್ತ್ರ ಒಗದ್ರ ಸೀಟು ಹಿಡದಂಗಲ್ಲ? ಇಂವ ಇಡೀ ಬಸ್ಸು ಹಿಡದಿದ್ದ. ಟಾವೆಲ್ಲು, ಟೊಪಗಿ, ಕರವಸ್ತ್ರ, ಹಿಂದಿನ ಸೀಟಿಗೆ ಹೆಂಡತಿ ಕುಬಸ! ಸಾಹೇಬ ಬಂದ್ರ, ಎಲ್ಲಾರೂ ಚಾ ಕುಡೀಲಿಕ್ಕೆ ಇಳದಾರ ಅನ್ನಾಂವ. ಅಷ್ಟರಾಗ ಖರೇ ಪ್ಯಾಸೆಂಜರು ಮೂರು ಮಂದಿ ಬಂದ್ರು. ಇಬ್ಬರು ಸೀಟಿಲ್ಲ ಅಂತ ನಿಂತರು. ಮೂರನೇದಾಂವ ಜಾಗಾ ಇಲ್ಲ ಅಂತ ಜೀಪು ಹತ್ತಿ ಹೋದ!

ನನಗ ತಡೀಲಿಲ್ಲ. ಒಂದು ಸೀಟಿನ ಟಾವೆಲ್ಲು ಕಿತ್ತು ಒಗದು ಕೂತೆ. "ಮೂಳಾ, ಇದ್ದ ಗಿರಾಕೀನ್ನೂ ಓಡಸೀದೆಲ್ಲೋ! ನಿನಗ ಯಾಕ ಬೇಕು ಈ ಉಸಾಬರಿ? ಮನ್ಯಾಗ ಮೋಟರ್ ಸೈಕಲ್ ಅದ."

"ನನಗ ಅದ."

"ಮತ್ತ?"

"ನೀ ಅದರ ಮ್ಯಾಲೆ ಕೂಡತೀ? ಈ ಮೊಣಕಾಲು ತಗೊಂಡು ಗುಡ್ಡ ಏರತೀ? ಪಂಚಮಿಗೆ ನಿನ್ನ ಹೆಂಗ ಕರಕೊಂಡು ಹೋಗ್ಲಿ?"

ನಾ ಒಗದ ಟಾವೆಲ್ಲು ಎತ್ತಿ ಮಡಚಿದೆ. ಅವ್ವ ಹೋದಳು, ಊರಾಗಿನ ಮನಿ ಬಿತ್ತು. ಪಂಚಮಿಗೆ ಹೋಗಲಿಕ್ಕೆ ನನಗುಳದ ಮನಿ ಇವಂದೊಂದ.

ಆಗ ಸಾಹೇಬ ಹತ್ತಿದ. ಕುಬಸದ ತನಕ ಎಲ್ಲಾ ನೋಡಿದ, ನನ್ನ ಮುಂದ ಬಂದು ನಿಂತ. ಮರಾಠಿಯೊಳಗ ಕೇಳಿದ, "ಆಜೀ, ಖರೇ ಹೇಳು. ನಿನ್ನ ಇಂವ ಕರಕೊಂಡು ಬಂದಾನ, ಹೌದಲ್ಲ?"

ತಮ್ಮನ ಮಾರಿ ಸಣ್ಣದಾತು. ನಾ ಸುಳ್ಳು ಯಾಕ ಹೇಳಲಿ?

"ಹೌದಪಾ, ಇಂವನೇ ಕರಕೊಂಡು ಹೊಂಟಾನ. ನಮ್ಮ ಕಡೆ ಹೆಣ್ಣುಮಕ್ಕಳನ್ನ ತವರಿಗೆ ಒಡಹುಟ್ಟಿದಾಂವ ಬಂದು ಕರಕೊಂಡು ಹೋಗಬೇಕು. ನೀ ಬಸ್ಸು ತಗದ್ರ, ಗುಡ್ಡದ ಮ್ಯಾಲೆ ನನ್ನ ಯಾರು ಹೊತ್ತಾರು? ನೀ ಹೊರತೀ?"

ಸಾಹೇಬ ನನ್ನ ಮೊಣಕಾಲು ನೋಡಿದ, ಇವನ ಮಾರಿ ನೋಡಿದ. "ಈ ವರ್ಷ ಓಡಲಿ" ಅಂತ ಕಂಡಕ್ಟರಗ ಹೇಳಿ, ಕೆಳಗಿಳದು ತಾನ ಬಾಗಲಾ ಹಾಕಿದ.

ತಮ್ಮ ನನ್ನ ಚೀಲ ತನ್ನ ತೊಡಿ ಮ್ಯಾಲೆ ಇಟ್ಟಕೊಂಡ. ಗುಡ್ಡ ಮುಗಿಯೂತನಕ ಕೆಳಗ ಇಡಲಿಲ್ಲ.