ಎಲ್ಲರಿಗೂ ಒಪ್ಪುವ ಟೈರು

ಮಾರ್ಚ್ ತಿಂಗಳು ಮುಗಿಯುತ್ತ ಬಂದಿತ್ತು. ಬೆಳಗಿನ ಚಳಿ ನೆಂಟರ ಹಾಗೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಕಾಲ. ಅಂಥ ಒಂದು ಬುಧವಾರ, ಸೂರ್ಯ ಗುಡ್ಡದ ಮೇಲೆ ಮೊಳದುದ್ದ ಏರಿದ್ದ ಹೊತ್ತಿಗೆ, ಡೆಲ್ಬರ್ಟ್ ಕ್ರೂಗ್ ತನ್ನ ಟ್ರೇಲರ್ ಮನೆಯ ಚಕ್ರದ ಮೇಲಿದ್ದ ಬಿಳಿ ಮುಸುಕನ್ನು ತೆಗೆದ. ಅವನ ಕಷ್ಟ ಅಲ್ಲಿಂದ ಶುರುವಾಯಿತು.

ಮರುಭೂಮಿಯ ಯೂಮಾ ಊರಾಚೆಯ ನಮ್ಮ ಟ್ರೇಲರ್ ಪಾರ್ಕಿಗೆ ಚಳಿಗಾಲದಲ್ಲಿ ಹಿಮದ ಸೀಮೆಯ ಮುದುಕರೆಲ್ಲ ಪಿಕಪ್ಪಿನ ಹಿಂದೆ ಮನೆ ಕಟ್ಟಿಕೊಂಡು ಬರುತ್ತಾರೆ. ಬಿಸಿಲು ಏರಿದ ಹಾಗೆ ಹಾಗೆಯೇ ಎಳೆದುಕೊಂಡು ಹೊರಡುತ್ತಾರೆ. ಡೆಲ್ಬರ್ಟನೂ ಉತ್ತರದ ನೆಬ್ರಾಸ್ಕಾದಿಂದ ಹಾಗೆ ಬಂದವನೇ. ಆದರೆ ಹೆಂಡತಿ ಐರೀನ್ ಇಲ್ಲಿ ತೀರಿಕೊಂಡ ಮೇಲೆ ಅವನು ಹೊರಟಿರಲಿಲ್ಲ. ಎರಡು ಬೇಸಿಗೆ ಒಬ್ಬನೇ ಕಳೆದಿದ್ದ. ಬೇಸಿಗೆಯಲ್ಲಿ ಇಲ್ಲಿ ಹಲ್ಲಿಯೂ ನೆರಳು ಬಿಟ್ಟು ಕದಲುವುದಿಲ್ಲ. ಪಾರ್ಕಿನ ಅಂಗಡಿ ಮುಚ್ಚುತ್ತದೆ, ಮಂಜುಗಡ್ಡೆಯ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಕಳೆದ ಆಗಸ್ಟಿನಲ್ಲಿ ಒಬ್ಬ ಹೆಂಗಸು ನಂಬರು ತಪ್ಪಿ ಅವನಿಗೆ ಫೋನು ಮಾಡಿದಾಗ, ಡೆಲ್ಬರ್ಟ್ ಅವಳನ್ನು ಸುಲಭದಲ್ಲಿ ಬಿಡಲಿಲ್ಲ. ಅವಳ ಸೊಸೆಯ ಹೆಸರು, ಮಂಡಿನೋವಿನ ಔಷಧಿ ಎಲ್ಲ ವಿಚಾರಿಸಿದ. ಫೋನಿಟ್ಟ ಮೇಲೆ, ಇವಳು ಮತ್ತೆ ಯಾವಾಗ ತಪ್ಪುತ್ತಾಳೋ ಎಂದು ಬಹಳ ದಿನ ಕಾದ.

ಮೂರನೆಯ ಬೇಸಿಗೆ ಒಬ್ಬನೇ ಇರಲಾರೆ ಎಂದು ಅವನು ನಿಶ್ಚಯ ಮಾಡಿಕೊಂಡಿದ್ದ. ಮರುದಿನ ಗುರುವಾರ ಮೂರು ಗಾಡಿಗಳು ಒಂದರ ಹಿಂದೆ ಒಂದು ಉತ್ತರಕ್ಕೆ ಹೊರಡುವುದಿತ್ತು. ನಾಲ್ಕನೆಯದಾಗಿ ತಾನೂ ಬರುತ್ತೇನೆ ಎಂದು ಡೆಲ್ಬರ್ಟ್ ಕೇಳಿಕೊಂಡಿದ್ದ. ಸಾಲಿನ ಯಜಮಾನ ಹಾರ್ಲನ್ ಟ್ವೀಟನ್. ಶಾಲೆಯ ಬಸ್ಸುಗಳನ್ನು ಪರೀಕ್ಷೆ ಮಾಡುವ ಕೆಲಸದಿಂದ ನಿವೃತ್ತನಾದವನು. ಕೆಲಸ ಅವನನ್ನು ಬಿಟ್ಟಿತ್ತು, ಅವನು ಕೆಲಸವನ್ನು ಬಿಟ್ಟಿರಲಿಲ್ಲ. ಬಿಸಿಲಿಗೆ ಬಿರಿಯದಿರಲೆಂದು ಎಲ್ಲರೂ ಮುಚ್ಚಿಡುವ ಟೈರುಗಳನ್ನು ಬಿಚ್ಚಿಸಿ ನೋಡದೆ ಅವನು ಯಾರನ್ನೂ ತನ್ನ ಸಾಲಿಗೆ ಸೇರಿಸುತ್ತಿರಲಿಲ್ಲ.

ಹಾರ್ಲನ್ ಗಾಡಿಯ ಕೆಳಗೆ ಅಂಗಾತ ತೆವಳಿದ. ಹೊರಗೆ ಅವನ ಬೂಟು ಮಾತ್ರ ಕಾಣುತ್ತಿದ್ದವು. ಟೈರು ಹುಟ್ಟಿದ ವಾರ, ವರ್ಷ ಅದರ ಒಳಮಗ್ಗುಲಲ್ಲಿ ಅಚ್ಚಾಗಿತ್ತು.

"ಇದಕ್ಕೆ ಎಂಟು ವರ್ಷ ಕಣಯ್ಯ," ಎಂದವು ಬೂಟು.

"ಇರಬಹುದು. ಆದ್ರೆ ಗೆರೆ ನೋಡು, ಹೊಸದರ ಹಾಗಿದೆ. ಓಡಿದ್ದೇ ಇಲ್ವಲ್ಲ."

"ಅದೇ ರೋಗ. ಟ್ರೇಲರ್ ಟೈರು ಓಡಿ ಸಾಯಲ್ಲ, ನಿಂತು ಸಾಯುತ್ತೆ."

ಈ ಮಾತು ಟೈರಿಗೆ ಹೇಳಿದ್ದೋ ತನಗೆ ಹೇಳಿದ್ದೋ ಎಂದು ಡೆಲ್ಬರ್ಟನಿಗೆ ಸಂದೇಹ ಬಂತು.

ಹಾರ್ಲನ್ ಹೊರಬಂದು ಬೆನ್ನಿನ ಮಣ್ಣು ಕೊಡವಿ, ತಾನು ತಂದಿದ್ದ ಮಡಚುವ ಕುರ್ಚಿಯ ಮೇಲೆ ಕುಳಿತ. "ಇವತ್ತೇ ಬದಲಾಯಿಸು. ಟ್ರೇಲರಿಗೆ ಅಂತಲೇ ಮಾಡಿರೋದು ತಗೋ. ನಿನ್ನ ಭಾರಕ್ಕೆ ಎಷ್ಟು ಬೇಕೋ ಅದಕ್ಕಿಂತ ಒಂದು ದರ್ಜೆ ಮೇಲಿಂದು."

ಅಷ್ಟರಲ್ಲಿ ಸಾಲಿನ ಎರಡನೆಯ ಗಾಡಿಯ ಮರ್ಲ್ ಸೊಬೋಟ್ಕಾ ಕಾಫಿ ಲೋಟ ಹಿಡಿದು ಬಂದ. ಅವನ ಆಯುಷ್ಯವೆಲ್ಲ ದೊಡ್ಡ ಲಾರಿಯ ಮೇಲೆ ಕಳೆದಿತ್ತು. ಟೈರು ಎಂಬ ಮಾತು ಪಾರ್ಕಿನ ಯಾವ ಮೂಲೆಯಲ್ಲಿ ಬಿದ್ದರೂ ಅವನಿಗೆ ಕೇಳಿಸುತ್ತಿತ್ತು. ಕುರ್ಚಿಯನ್ನೂ ತಂದಿದ್ದ, ಎಂದರೆ ಬೇಗ ಹೋಗುವ ಯೋಚನೆ ಇರಲಿಲ್ಲ.

"ಇವನ ಮಾತು ಕೇಳಬೇಡ ಡೆಲ್ಬರ್ಟ್. ಟ್ರೇಲರ್ ಟೈರು ಅಂದ್ರೆ ಮನೆಯೊಳಗೆ ಹಾಕ್ಕೊಳ್ಳೋ ಚಪ್ಪಲಿ. ಭಾರದ ಪಿಕಪ್ಪಿಗೆ ಹಾಕ್ತಾರಲ್ಲ, ಗಟ್ಟಿ ಮೈಯಿಂದು, ಅದು ಬೂಟು. ದೂರ ಹೋಗೋನು ಬೂಟು ಹಾಕ್ಕೋಬೇಕು."

"ಪಿಕಪ್ ಟೈರಿಗೆ ನೇರ ಓಡೋದು ಗೊತ್ತು ಅಷ್ಟೆ," ಎಂದ ಹಾರ್ಲನ್. "ಒಂದು ಮಗ್ಗುಲಿಗೆ ಎರಡೆರಡು ಚಕ್ರ ಇರೋ ಗಾಡಿ ತಿರುವಿನಲ್ಲಿ ಟೈರನ್ನ ಅಡ್ಡಡ್ಡ ಎಳೆಯುತ್ತೆ. ಅದನ್ನ ತಡೆಯೋಕೆ ಬೇರೆ ಜಾತಿಯೇ ಬೇಕು."

"ಹೋದ ವರ್ಷ ಕಿಂಗ್‌ಮನ್ ಊರಿನ ಹತ್ರ ಯಾರ ಟೈರು ಸಿಡೀತು? ಆ ಬೇರೆ ಜಾತೀದೇ ತಾನೆ?"

"ನೀನು ಕಡುಬು ತಿನ್ನುತ್ತ ರಸ್ತೆ ಅಂಚಿಗೆ ಗುದ್ದಿದ್ರೆ ಟೈರೇನು ಮಾಡುತ್ತೆ?"

"ನಾನು ತಿಂತಿದ್ದದ್ದು ರೊಟ್ಟಿ."

ಗದ್ದಲ ಕೇಳಿ ಮೂರನೆಯ ಗಾಡಿಯ ಓಪಲ್ ಡೆನಿಸನ್ ಬಂದಳು. ಗಂಡ ಹೋದ ಮೇಲೆ ಗಾಡಿಯನ್ನು ತಾನೇ ಎಳೆದುಕೊಂಡು ತಿರುಗುವ ಹೆಂಗಸು. ಇಬ್ಬರ ಮಾತನ್ನೂ ಅರ್ಧ ಕೇಳಿ ಸಾಕು ಎಂದು ಕೈ ಎತ್ತಿದಳು.

"ಜಾತಿ ಹಿಡ್ಕೊಂಡು ಏನು ಬಡಿದಾಡ್ತೀರಪ್ಪಾ. ಹೊಸದು ಅಂತ ಅಂಗಡಿಯವನು ಕೊಡೋ ಟೈರು ಎರಡು ವರ್ಷ ಅವನ ಗೋದಾಮಿನಲ್ಲೇ ಮಲಗಿರುತ್ತೆ. ಡೆಲ್ಬರ್ಟ್, ಬ್ರೆಡ್ ತಗೊಳ್ಳೋ ಹಾಗೆ ತಗೋ. ಯಾವುದು ಈ ಚಳಿಗಾಲದಲ್ಲಿ ಹುಟ್ಟಿದೆಯೋ ಅದು. ಹೆಸರು ಏನಾದ್ರೂ ಇರಲಿ."

ಡೆಲ್ಬರ್ಟ್ ಮೂವರಿಗೂ ತಲೆಯಾಡಿಸಿದ. ಮೆಟ್ಟಿಲ ಮೇಲಿಟ್ಟಿದ್ದ ಅವನ ಕಾಫಿ ಆರಿತ್ತು, ಆದರೂ ಮುಖ ಅರಳಿತ್ತು. ತನ್ನ ವಿಷಯಕ್ಕೆ ಮೂರು ಜನ ಸೇರಿ ಜಗಳವಾಡಿ ಎಷ್ಟೋ ಕಾಲವಾಗಿತ್ತು.

ಆದರೆ ಜಗಳ ಅಲ್ಲಿಗೆ ನಿಲ್ಲಲಿಲ್ಲ. ಬಸ್ಸಿನವನು, ಲಾರಿಯವನು ಎಂಬ ಮಾತು ಬಂತು. ಬೋಳುತಲೆ ಬಂತು. ಕೊನೆಗೆ ಹಾರ್ಲನ್ ತನ್ನ ಕುರ್ಚಿಯನ್ನು ಮಡಚಿದ. ನಮ್ಮ ಪಾರ್ಕಿನಲ್ಲಿ ಬೈಗುಳ ಲೆಕ್ಕಕ್ಕಿಲ್ಲ. ಕುರ್ಚಿ ಮಡಚಿದನೆಂದರೆ ಮಾತು ಬಿಟ್ಟ ಹಾಗೆ.

"ನಾಳೆ ನಾನು ಬೇರೆ ಹೋಗ್ತೀನಿ," ಎಂದ ಹಾರ್ಲನ್. "ಡೆಲ್ಬರ್ಟ್, ನಾನು ಹೇಳಿದ ಟೈರು ಹಾಕಿಸಿದ್ರೆ ನನ್ನ ಹಿಂದೆ ಬಾ."

ಮರ್ಲನೂ ಕುರ್ಚಿ ಮಡಚಿದ. "ನಾನು ಹೇಳಿದ್ದು ಹಾಕಿಸಿದ್ರೆ ನನ್ನ ಜೊತೆ."

ಓಪಲ್ ಕುರ್ಚಿ ತಂದಿರಲಿಲ್ಲ. "ಈ ಕೋಣಗಳ ಜೊತೆ ನಾನೂ ಬರಲ್ಲ. ತಾಜಾ ಟೈರು ಹಾಕಿಸು, ನಾವಿಬ್ಬರೇ ಹೋಗೋಣ," ಎಂದು ಅವಳೂ ನಡೆದಳು.

ಡೆಲ್ಬರ್ಟ್ ಮೆಟ್ಟಿಲ ಮೇಲೆ ಕುಳಿತ. ಹಾರ್ಲನನ ಮಾತು ಕೇಳಿದರೆ ಮರ್ಲ್ ಹೋಗುತ್ತಾನೆ, ಮರ್ಲನ ಮಾತು ಕೇಳಿದರೆ ಓಪಲ್ ಹೋಗುತ್ತಾಳೆ. ಮೂವರಲ್ಲಿ ಇಬ್ಬರನ್ನು ಕಳೆದುಕೊಳ್ಳುವಷ್ಟು ಜನ ಅವನ ಬಳಿ ಇರಲಿಲ್ಲ. ಎದ್ದು ಗಾಡಿಯನ್ನು ಒಂದು ಸುತ್ತು ಹಾಕಿದ. ಎಡಕ್ಕೆ ಎರಡು ಚಕ್ರ, ಬಲಕ್ಕೆ ಎರಡು. ಇನ್ನೊಂದು ಸುತ್ತು ಹಾಕಿದ. ಆಮೇಲೆ ಗಾಡಿ ಎತ್ತುವ ಜಾಕ್ ತಂದ.

ಟೈರು ಅಂಗಡಿಯ ರೆಫ್ಯೂಹಿಯೋ ತನ್ನ ಊಟದ ಪೊಟ್ಟಣ ಬಿಚ್ಚುವುದರಲ್ಲಿದ್ದ. ಡೆಲ್ಬರ್ಟ್ ಪಿಕಪ್ಪಿನಿಂದ ಮೂರು ಚಕ್ರ ಇಳಿಸಿದ.

"ಒಂದಕ್ಕೆ ಟ್ರೇಲರ್ ಟೈರು, ಮೇಲಿನ ದರ್ಜೆಯದು. ಒಂದಕ್ಕೆ ಪಿಕಪ್ಪಿನ ಭಾರದ ಟೈರು. ಇನ್ನೊಂದಕ್ಕೆ ನಿಮ್ಮಲ್ಲಿರೋದರಲ್ಲಿ ಎಲ್ಲಕ್ಕಿಂತ ಚಿಕ್ಕ ವಯಸ್ಸಿನದು."

ರೆಫ್ಯೂಹಿಯೋ ಚಕ್ರಗಳನ್ನೂ ಅವನನ್ನೂ ನೋಡಿದ. "ಒಂದೇ ಗಾಡಿಗಲ್ಲ ತಾನೆ, ಯಜಮಾನರೇ?"

"ಛೆ, ಮೂರು ಗಾಡಿಗೆ. ಮೂರು ಜನ ಕಳಿಸಿದಾರೆ."

"ಒಬ್ಬೊಬ್ಬರಿಗೆ ಒಂದೊಂದೇನಾ?"

"ಜಿಪುಣರು."

"ರಿಮ್ಮು ಮೂರೂ ಒಂದೇ ತರ ಇದೆ."

"ಸ್ನೇಹಿತರು," ಎಂದ ಡೆಲ್ಬರ್ಟ್.

ರೆಫ್ಯೂಹಿಯೋಗೆ ಹಸಿವಾಗಿತ್ತು. ಹೆಚ್ಚು ಕೇಳದೆ ಹಾಕಿಕೊಟ್ಟ.

ಮಧ್ಯಾಹ್ನದ ಬಿಸಿಲಲ್ಲಿ ಡೆಲ್ಬರ್ಟ್ ಒಬ್ಬನೇ ಮೂರು ಚಕ್ರ ಕೂರಿಸಿ, ಬೋಲ್ಟು ಬಿಗಿದು, ಬಿಳಿ ಮುಸುಕುಗಳನ್ನು ಹೊಸ ಮದುಮಗಳಿಗೆ ಎಳೆಯುವ ಹಾಗೆ ಕಣ್ಣಿನವರೆಗೂ ಎಳೆದ. ನಾಲ್ಕನೆಯ ಚಕ್ರದ ಮುಂದೆ ಸ್ವಲ್ಪ ಹೊತ್ತು ನಿಂತ. ಎಂಟು ವರ್ಷದ ಹಿಂದೆ ಆ ಹಳೆಯ ಟೈರನ್ನು ಆರಿಸಿದ್ದವಳು ಐರೀನ್. ಅಂಗಡಿಯಲ್ಲಿ ಅದರ ಮೇಲೆ ಗುದ್ದಿ, "ಇದು ನಮ್ಮನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗುತ್ತೆ" ಎಂದಿದ್ದಳು. ಎಲ್ಲರ ಮಾತೂ ನಡೆಯುತ್ತಿರುವಾಗ ಅವಳದೊಂದನ್ನು ತೆಗೆದು ಬಿಸಾಡುವುದು ಅವನಿಗೆ ಸರಿ ಕಾಣಲಿಲ್ಲ. ಅದಕ್ಕೂ ಮುಸುಕು ಹಾಕಿದ.

ಸಂಜೆ ಹಾರ್ಲನ್ ಬಂದ. ಡೆಲ್ಬರ್ಟ್ ಎಡಗಡೆಯ ಮುಂದಿನ ಮುಸುಕು ಎತ್ತಿದ. ಹಾರ್ಲನ್ ಬಗ್ಗಿ ನೋಡಿ, ಟೈರಿನ ಬೆನ್ನು ತಟ್ಟಿದ.

"ಬುದ್ಧಿವಂತ ಕಣಯ್ಯ ನೀನು. ಉಳಿದವೂ ಇದೇ ತಾನೆ?"

"ಬಿಸಿಲು ತಾಗುತ್ತೆ ಅಂತ ಮುಚ್ಚಿದೀನಿ," ಎಂದ ಡೆಲ್ಬರ್ಟ್. ಅದು ಸುಳ್ಳಾಗಿರಲಿಲ್ಲ.

ಹಾರ್ಲನ್ ಹೋದ ದಾರಿಯ ಧೂಳು ಅಡಗುವ ಮೊದಲೇ ಮರ್ಲ್ ಬಂದ. ಡೆಲ್ಬರ್ಟ್ ಅವನನ್ನು ಬಲಗಡೆಗೆ ಕರೆದುಕೊಂಡು ಹೋದ.

"ಇದು ಟೈರು," ಎಂದ ಮರ್ಲ್, ಮೊಮ್ಮಗನನ್ನು ನೋಡಿದವನ ಹಾಗೆ. "ಆ ಬಸ್ಸಿನವನು ಕೇಳಿದ್ನಾ?"

"ಬಂದಿದ್ದ. ನೋಡಿ ತಟ್ಟಿ ಹೋದ."

"ಹೊಟ್ಟೆ ಉರಿದಿರುತ್ತೆ."

ಮರ್ಲ್ ಎಡಗಡೆಗೂ ಹೊರಟಾಗ ಡೆಲ್ಬರ್ಟ್ ಅಡ್ಡ ಹೋಗಿ ಕುರ್ಚಿ ಬಿಚ್ಚಿ ಚಕ್ರದ ಮುಂದೆ ಕುಳಿತುಬಿಟ್ಟ. ಬೆನ್ನು ಹಿಡಿದಿದೆ ಎಂದ. ಮರ್ಲ್ ಬೆನ್ನಿಗೆ ಹಚ್ಚುವ ಮುಲಾಮು ತರಲು ಹೋದ. ಅಷ್ಟರಲ್ಲಿ ಓಪಲ್ ಸೇಬಿನ ಕಡುಬು ತಂದಳು. ಡೆಲ್ಬರ್ಟ್ ಕುರ್ಚಿಯಿಂದ ಎದ್ದು ಅವಳಿಗೆ ಎಡಗಡೆಯ ಹಿಂದಿನ ಮುಸುಕು ಎತ್ತಿ ತೋರಿಸಿದ. ಅವಳು ಕನ್ನಡಕ ಏರಿಸಿ ಅಚ್ಚು ಓದಿದಳು.

"ಜನವರಿ ಕೂಸು. ನನ್ನ ಮಾತು ಕೇಳೋ ಗಂಡಸು ಇದಾನೆ ಅಂತ ಈಗ ಗೊತ್ತಾಯ್ತು."

ಆ ರಾತ್ರಿ ಡೆಲ್ಬರ್ಟ್ ಕಡುಬು ಪೂರ್ತಿ ತಿಂದ. ನೀರಿನ ಪೈಪು ಸುತ್ತಿಟ್ಟ. ಗೋಡೆಯಲ್ಲಿದ್ದ ಐರೀನಳ ಪಟ ತೆಗೆದು ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟ. ನಾಳೆ ಮೂವರನ್ನೂ ಗೇಟಿನ ಹತ್ತಿರ ಒಟ್ಟಿಗೆ ಸೇರಿಸಿ, ದಾರಿಯಲ್ಲಿ ರಾಜಿ ಮಾಡಿಸುವುದು ಅವನ ಯೋಚನೆ. ಹೇಗೆ ಎನ್ನುವುದನ್ನು ಯೋಚಿಸುವ ಮೊದಲೇ ನಿದ್ದೆ ಬಂತು.

ಮುಂಜಾನೆ ಮಬ್ಬಿನಲ್ಲೇ ಎದ್ದು ಮುಸುಕುಗಳನ್ನು ತೆಗೆದ. ಆ ಬೆಳಕಿನಲ್ಲಿ ಟೈರೆಲ್ಲ ಕಪ್ಪು, ಎಲ್ಲ ದುಂಡಗೆ. ಗಾಡಿಯನ್ನು ಪಿಕಪ್ಪಿಗೆ ಕಟ್ಟಿ ಎಲ್ಲರಿಗಿಂತ ಮೊದಲು ಗೇಟಿಗೆ ತಂದು ನಿಲ್ಲಿಸಿದ. ಉಳಿದ ಮೂರು ಗಾಡಿಗಳೂ ಬಂದವು. ಹಾರ್ಲನ್ ಮರ್ಲನ ಕಡೆ ನೋಡದೆ ಇಳಿದ. ಮರ್ಲ್ ಆಕಾಶ ನೋಡುತ್ತ ಇಳಿದ. ಹಾರ್ಲನನ ಕೈಯಲ್ಲಿ ಒಂದು ಮರದ ದೊಣ್ಣೆ ಇತ್ತು. ಹೊರಡುವ ಮೊದಲು ಪ್ರತಿ ಟೈರಿಗೂ ದೊಣ್ಣೆಯಲ್ಲಿ ತಟ್ಟಿ ಸದ್ದು ಕೇಳುವುದು ಅವನ ರೂಢಿ. ನಾಲ್ಕೂ ಒಂದೇ ದನಿಯಲ್ಲಿ ಓಗೊಟ್ಟರೆ ಗಾಡಿ ಸರಿ.

ಡೆಲ್ಬರ್ಟನ ಮೊದಲ ಟೈರು 'ಡಮ್' ಎಂದಿತು. ಹಾರ್ಲನ್ ಮೆಚ್ಚಿದ. ಎರಡನೆಯದು 'ಡಪ್' ಎಂದಿತು. ಹಾರ್ಲನ್ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡ. ಆಚೆ ಹೋಗಿ ಮೂರನೆಯದಕ್ಕೆ ತಟ್ಟಿದ. 'ಟಣ್' ಎಂದಿತು. ನಾಲ್ಕನೆಯದು ಒದ್ದೆ ದಿಂಬಿಗೆ ಹೊಡೆದ ಹಾಗೆ 'ಬೊಸ್' ಎಂದಿತು.

ಹಾರ್ಲನ್ ದೊಣ್ಣೆ ಕೆಳಗಿಳಿಸಿದ. ಆಮೇಲೆ ಮೆಲ್ಲಗೆ, "ಮರ್ಲ್, ಸ್ವಲ್ಪ ಇಲ್ಲಿ ಬಾ," ಎಂದ.

ಮರ್ಲ್ ಬಂದು ದೊಣ್ಣೆ ತೆಗೆದುಕೊಂಡು ತಾನೂ ಒಂದು ಸುತ್ತು ಬಾರಿಸಿದ. ಡಮ್, ಡಪ್, ಟಣ್, ಬೊಸ್. ಓಪಲ್ ಟಾರ್ಚು ಹಿಡಿದು ಅವನ ಹಿಂದೆಯೇ ನಡೆದಳು.

"ಇದು ನಂದು," ಎಂದ ಹಾರ್ಲನ್.

"ಇದು ನಂದು," ಎಂದ ಮರ್ಲ್.

"ಇದು ನನ್ನದು," ಎಂದಳು ಓಪಲ್. ಟಾರ್ಚು ನಾಲ್ಕನೆಯದರ ಮೇಲೆ ನಿಂತಿತು. "ಇದು ಯಾರದು ಡೆಲ್ಬರ್ಟ್?"

"ಐರೀನಂದು."

ಓಪಲ್ ಅವನ ತೋಳು ಹಿಡಿದುಕೊಂಡಳು. ಆಮೇಲೆ ಮರ್ಲನ ಹೊಟ್ಟೆ ಕುಣಿಯತೊಡಗಿತು. ಅವನು ನಗು ತಡೆದುಕೊಳ್ಳಲು ಹಾರ್ಲನನ ಹೆಗಲು ಹಿಡಿದ. ಹಾರ್ಲನ್ ಅವನ ಹೆಗಲು ಹಿಡಿದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಲ್ಲ ಕಣಯ್ಯ," ಎಂದ ಹಾರ್ಲನ್ ಕಣ್ಣೊರಸಿಕೊಳ್ಳುತ್ತ, "ನಾಲ್ಕೂ ಮರ್ಲ್ ಹೇಳಿದ್ದೇ ಹಾಕಿಸಿದ್ರೂ ಬೈಕೊಂಡು ಕರ್ಕೊಂಡು ಹೋಗ್ತಿದ್ದೆ."

"ನಾನೂ ಅಷ್ಟೇ," ಎಂದ ಮರ್ಲ್. "ಹಾರ್ಲನ್ ಹೇಳಿದ ಟೈರೇನು ಕೆಟ್ಟದ್ದಲ್ಲ. ನಾಲ್ಕೂ ಒಂದೇ ಆಗಿದ್ರೆ ಸಾಕಿತ್ತು."

"ಈ ಗಾಡಿ ಗುಡ್ಡದ ರಸ್ತೆಗೆ ಬರಬಾರದು," ಎಂದಳು ಓಪಲ್. ಆ ಚಳಿಗಾಲದಲ್ಲಿ ಮೂವರೂ ಒಪ್ಪಿದ ಮೊದಲ ಮಾತು ಅದು.

ಹಾರ್ಲನ್ ಟೈರು ಅಂಗಡಿಯ ರೆಫ್ಯೂಹಿಯೋಗೆ ಫೋನು ಮಾಡಿ ನಿದ್ದೆಯಿಂದ ಎಬ್ಬಿಸಿದ. ಹೊರಡುವವರೆಲ್ಲ ಕೊಂಡುಹೋಗಿ, ಆ ಅಳತೆಯಲ್ಲಿ ಒಂದೇ ತರದವು ನಾಲ್ಕು ಉಳಿದಿರಲಿಲ್ಲ. ಹೊಸ ಟೈರಿನ ಲಾರಿ ಬರುವುದು ಸೋಮವಾರ. ಮೂವರಿಗೂ ಮುಂದಿನ ಬಿಡಾರದಲ್ಲಿ ಆ ಗುರುವಾರದ ರಾತ್ರಿಗೆ ಜಾಗ ಕಾದಿರಿಸಿ ಆಗಿತ್ತು.

"ಸೋಮವಾರ ಹಾಕಿಸಿ ಹಿಂದೆಯೇ ಬಾ," ಎಂದ ಹಾರ್ಲನ್.

"ಬರ್ತೀನಿ, ಬರ್ತೀನಿ," ಎಂದ ಡೆಲ್ಬರ್ಟ್. ಗಾಡಿಯನ್ನು ಒಬ್ಬನೇ ಎಳೆದುಕೊಂಡು ಅವನು ಎಂದೂ ಹೋದವನಲ್ಲ ಎಂದು ಅವರಿಗೂ ಗೊತ್ತಿತ್ತು.

ಯಾರು ಮುಂದೆ ಹೋಗಬೇಕು ಎಂದು ಹಾರ್ಲನ್, ಮರ್ಲ್ ಇಬ್ಬರೂ ಒಬ್ಬರಿಗೊಬ್ಬರು ಬಹಳ ಹೊತ್ತು ಉಪಚಾರ ಮಾಡಿದರು. ದಾರಿಗೆ ಅಡ್ಡವಾಗಿದ್ದ ತನ್ನ ಗಾಡಿಯನ್ನು ಡೆಲ್ಬರ್ಟೇ ಪಕ್ಕಕ್ಕೆ ತೆಗೆದುಕೊಟ್ಟ.

ಹಾರ್ಲನ್, ಮರ್ಲ್, ಓಪಲ್ ಗುರುವಾರ ಸೂರ್ಯ ಹುಟ್ಟುವಾಗ ಹೊರಟರು. ಕೊನೆಯ ಸಾಲಿನ ಕೆನಡಾದ ದಂಪತಿ ಶುಕ್ರವಾರ ಹೋದರು. ಪಾರ್ಕಿನ ಅಂಗಡಿಯವಳು ಶನಿವಾರ ಬಾಗಿಲು ಹಾಕಿಕೊಂಡು ಮಗಳ ಊರಿಗೆ ಹೋದಳು. ಭಾನುವಾರ ಯಾರೂ ಹೊರಡಲಿಲ್ಲ. ಹೊರಡಲು ಯಾರೂ ಉಳಿದಿರಲಿಲ್ಲ, ಡೆಲ್ಬರ್ಟನೊಬ್ಬನ ಹೊರತು.