ಬಲಮೆದುಳನ್ನು ನಂಬಿ ಹೊರಟ ದಿಬ್ಬಣ

ನಾನು ಎಡಚ. ಬರೆಯುವುದು, ಉಣ್ಣುವುದು ಎಲ್ಲವೂ ಎಡಗೈಯಲ್ಲೇ. ಶಾಲೆಯಲ್ಲಿ ಮೇಷ್ಟ್ರು ಗೆಣ್ಣಿಗೆ ಎಷ್ಟು ಬಾರಿಸಿದರೂ ಅದು ಬದಲಾಗಲಿಲ್ಲ. ಎಂಬತ್ತರ ದಶಕದಲ್ಲಿ, ಹೊನ್ನಾಳಿಯಲ್ಲಿ ಗುಮಾಸ್ತನಾಗಿದ್ದಾಗ, ವಾರಪತ್ರಿಕೆಯೊಂದರ ಲೇಖನ ನನ್ನ ಕಣ್ಣು ತೆರೆಸಿತು. ಎಡಚರಿಗೆ ಬಲಮೆದುಳು ಚುರುಕಂತೆ. ದಿಕ್ಕುದಾರಿಗಳ ನಕ್ಷೆ ಅವರ ತಲೆಯಲ್ಲಿ ತಾನಾಗಿಯೇ ಮೂಡುತ್ತದಂತೆ. ಇಂಥ ಸಂಪತ್ತನ್ನು ನಲವತ್ತು ವರ್ಷ ಹೊತ್ತು ತಿರುಗಿದ್ದೆ, ಒಬ್ಬರೂ ಹೇಳಿರಲಿಲ್ಲ!

ಮರುವಾರವೇ ನನ್ನ ಹೆಂಡತಿ ಗಿರಿಜಳ ತಮ್ಮನ ಮದುವೆ. ಹೆಣ್ಣಿನ ಊರು ಬಸವಾಪಟ್ಟಣದ ಆಚೆಗಿನ ಹಳ್ಳಿ. ಮುಹೂರ್ತ ಹತ್ತೂವರೆಗೆ. ದಿಬ್ಬಣದ ವ್ಯಾನಿನಲ್ಲಿ ನಾನು ಡ್ರೈವರ್ ಖಾದರನ ಪಕ್ಕದ ಸೀಟು ಹಿಡಿದೆ.

“ದಾರಿ ಕೇಳ್ಕಂಡು ಹೋಗಾನ ಸಾರ್,” ಎಂದ ಖಾದರ್.

“ಏನೂ ಬ್ಯಾಡ. ನಕ್ಷೆ ನನ್ನ ತಲೇಲೈತೆ.”

ಬಸವಾಪಟ್ಟಣ ದಾಟಿದ ಮೇಲೆ ರಸ್ತೆ ಎರಡಾಗಿ ಒಡೆಯಿತು. ನಕ್ಷೆ ಮೂಡಲಿಲ್ಲ. ಮೂತ್ರದ ನೆಪದಲ್ಲಿ ಇಳಿದು, ಎಮ್ಮೆ ಮೇಯಿಸುತ್ತಿದ್ದ ಅಜ್ಜನನ್ನು ಗುಟ್ಟಾಗಿ ಕೇಳಿದೆ.

“ಊಟದ ಕೈ ಕಡೆ ಹೋಗ್ರಿ, ಎರಡೇ ಮೈಲಿ,” ಎಂದ.

ಬೆಳಿಗ್ಗೆ ಉಪ್ಪಿಟ್ಟು ತಿಂದ ಕೈಯನ್ನು ನೋಡಿಕೊಂಡು ಬಂದು, ಗಂಭೀರವಾಗಿ ಘೋಷಿಸಿದೆ: “ಎಡಕ್ಕೆ.”

“ಬಸ್ಸು ಬಲಕ್ಕೆ ಹೋಗಾದು ನೋಡಿದೀನಿ ಸಾರ್.”

ನಾನು ಮೆದುಳಿನ ಎರಡು ಭಾಗಗಳ ಬಗ್ಗೆ ವಿವರಿಸಿದೆ. ಪಾಪ, ತಡೆಯಲಾರದೆ ಎಡಕ್ಕೆ ತಿರುಗಿಸಿದ.

ಎರಡು ಮೈಲಿ ಮುಗಿಯಲೇ ಇಲ್ಲ. ಹಿಂದಿನ ಸೀಟಿನಿಂದ ಮದುಮಗ ಕೇಳಿದ, “ಭಾವ, ನನ್ನ ಮದುವೆ ಇವತ್ತೇ ಐತಲ್ಲ?”

ಹನ್ನೊಂದಕ್ಕೆ ವ್ಯಾನು ತ್ಯಾವಣಿಗೆಯಲ್ಲಿ ನಿಂತಿತು. ಅಂಗಡಿಯವನು ನಾವು ಬಂದ ದಾರಿಯತ್ತಲೇ ಕೈ ತೋರಿಸಿದ.

“ನೀವು ಎಮ್ಮೆ ಕಾಯೋ ಅಜ್ಜನ್ನ ಕೇಳಿದ್ದು ನೋಡಿದೀನಿ. ಅವನೇನಂದ, ಇದ್ದಂಗೆ ಹೇಳ್ರಿ,” ಎಂದಳು ಗಿರಿಜ. ಹೇಳಿದೆ.

“ಊಟದ ಕೈ ಅಂದ್ರೆ ಊರಿಗೆಲ್ಲ ಬಲಗೈ ಕಣ್ರೀ. ಎಡಗೈ ನಿಮಗೊಬ್ರಿಗೆ.”

ವ್ಯಾನಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಚಪ್ಪರ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಗಂಡಿಗೆ ಮನಸ್ಸಿಲ್ಲವೆಂದುಕೊಂಡು ಮದುಮಗಳು ಅತ್ತು ಕಣ್ಣು ಕೆಂಪಾಗಿಸಿಕೊಂಡಿದ್ದಳು. ಪುರೋಹಿತರು ಪಂಚಾಂಗ ತಿರುವಿ, ನಿಟ್ಟುಸಿರಿಟ್ಟು, ಎರಡು ಗಂಟೆಗೆ ಇನ್ನೊಂದು ಮುಹೂರ್ತ ಹುಡುಕಿಕೊಟ್ಟರು. ಅಲ್ಲಿಯವರೆಗೆ ನಾನು ಹೆಣ್ಣಿನ ತಂದೆಗೆ ಬಲಮೆದುಳಿನ ವಿಷಯ ತಿಳಿಸಿದೆ. ಅವರು ಪೂರ್ತಿ ಕೇಳಿ, ತಮ್ಮವರಿಗೆ ಮೆಲ್ಲಗೆ ಹೇಳಿದರು: “ಇವರಿಗೆ ಮಜ್ಜಿಗೆ ಕೊಡ್ರಿ. ಬಿಸಿಲು ತಲೆಗೇರೈತೆ.”

ಮದುವೆಯೇನೋ ಆಯಿತು. ವಾಪಸು ಬರುವಾಗ ಗಿರಿಜ ನನ್ನನ್ನು ವ್ಯಾನಿನ ಕಟ್ಟಕಡೆಗೆ, ಹಾಸಿಗೆ ಸುರುಳಿಗಳ ನಡುವೆ, ಹಿಂದಕ್ಕೆ ಮುಖಮಾಡಿ ಕೂರಿಸಿದಳು. ಅಲ್ಲಿಂದ ಮಾತ್ರ ದಾರಿ ನನಗೆ ಸ್ಪಷ್ಟವಾಗಿ ಕಾಣಿಸಿತು. ದಾಟಿಯಾಗಿದ್ದ ದಾರಿ.