ನಟರಾಜನ ಕೈಗೆ ಮೈಕು

ನಟರಾಜನ ಕೈಗೆ ಮೈಕು ಕೊಡಬಾರದು ಎಂಬ ಸಂಗತಿ ಕಾವಾಸಾಕಿಯ ಕನ್ನಡಿಗರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಅವನ ಕಂಪನಿಗೆ ಮಾತ್ರ.

ಕನ್ನಡ ಬಳಗದ ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ಅತಿಥಿ ಪರಿಚಯದ ಭಾಷಣ ನಟರಾಜನದೇ. ಬಂದವರು ಯಾರೇ ಆಗಲಿ, ಅವರು ಸರಳ ಸಜ್ಜನರು, ಬಹುಮುಖ ಪ್ರತಿಭೆ, ಮಿತಭಾಷಿಗಳು, ಅಜಾತಶತ್ರುಗಳು. ಹೋದ ವರ್ಷ ನೋಮಿ ಎಂಬ ದೂರದ ಊರಿನಿಂದ ಬಂದಿದ್ದ ಒಬ್ಬ ಸಂಶೋಧಕರನ್ನು ಹದಿನೆಂಟು ನಿಮಿಷ ಪರಿಚಯಿಸಿದ್ದ. ಪಾಪ, ಆತನಿಗೆ ತನ್ನ ಸಂಶೋಧನೆಯ ಬಗ್ಗೆ ಹೇಳಲು ಉಳಿದದ್ದು ಏಳೇ ನಿಮಿಷ.

ಇಂಥ ನಟರಾಜ ಈಗ ಸಂಕಟದಲ್ಲಿದ್ದ. ಬರುವ ಏಪ್ರಿಲ್‌ನಿಂದ ಅವನನ್ನು ನಗೋಯಾಕ್ಕೆ ಹಾಕುವ ಮಾತು ಆಫೀಸಿನಲ್ಲಿ ನಡೆದಿತ್ತು. ಈ ದೇಶದಲ್ಲಿ ವರ್ಗವಾದರೆ ಗಂಡಸು ಒಬ್ಬನೇ ಹೋಗಿ ಒಂದು ಕೋಣೆಯಲ್ಲಿ ಬಿದ್ದುಕೊಳ್ಳುವುದು, ಹೆಂಡತಿ ಮಕ್ಕಳು ಇದ್ದಲ್ಲೇ ಇರುವುದು ವಾಡಿಕೆ. ಮಗಳು ನಿಧಿ ನಾಲ್ಕನೇ ಕ್ಲಾಸು, ಶಾಲೆ ಬಿಡಿಸುವಂತಿಲ್ಲ. ಹೆಂಡತಿ ಕಾತ್ಯಾಯಿನಿಗೆ ಇಲ್ಲಿಯೇ ಶಿಶುವಿಹಾರವೊಂದರಲ್ಲಿ ಕೆಲಸ ಸಿಕ್ಕಿತ್ತು. ನಟರಾಜನೋ, ಮಗಳು ತನ್ನ ಹೊಟ್ಟೆಯ ಮೇಲೆ ಪುಸ್ತಕವಿಟ್ಟುಕೊಂಡು ಹೋಮ್‌ವರ್ಕ್ ಮಾಡದಿದ್ದರೆ ಸಂಜೆಯಾಯಿತೆಂದೇ ಒಪ್ಪದ ಮನುಷ್ಯ. ನಗೋಯಾ ಎಂದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಕಾವಾಸಾಕಿ ಆಫೀಸಿನಲ್ಲಿ ವಿದೇಶಿ ಗ್ರಾಹಕರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದಕ್ಕೆಂದೇ ಹೊಸ ವಿಭಾಗ ಶುರುವಾಗಲಿತ್ತು. ಅದರಲ್ಲಿ ಒಂದೇ ಒಂದು ಕುರ್ಚಿ ಖಾಲಿ. ಆ ಕುರ್ಚಿಗೆ ಅರ್ಜಿ ಹಾಕಿ ಮೂರು ವಾರದಿಂದ ಕಾಯುತ್ತಿದ್ದವನನ್ನು ಶುಕ್ರವಾರ ಮೇಲಧಿಕಾರಿ ಕುರೋದಾ-ಸಾನ್ ಕರೆದರು.

"ಭಾನುವಾರ ನಮ್ಮ ಕಂಪನಿ ತಂಡದ ಅಮೆರಿಕನ್ ಫುಟ್‌ಬಾಲ್ ಪಂದ್ಯವಿದೆ. ಹೊಸ ಕ್ವಾರ್ಟರ್‌ಬ್ಯಾಕ್ ಡ್ವೇನ್-ಸಾನ್ ಅವರಿಗೆ ಜಪಾನಿ ಬರುವುದಿಲ್ಲ. ದುಭಾಷಿಗೆ ಜ್ವರ. ಒಂದು ದಿನ ನೀವು ಅವರ ಜೊತೆಗಿರಬೇಕು. ನಿರ್ದೇಶಕರೂ ಬರುತ್ತಾರೆ. ಆ ಕುರ್ಚಿಯ ತೀರ್ಮಾನ ಅವರದೇ."

ಭಾನುವಾರ ಬೆಳಿಗ್ಗೆ ಏಳಕ್ಕೇ ಮೇಲಿನ ಮಹಡಿಯ ಉದಯ್ ಇಳಿದು ಬಂದ. ಎಂಟು ವರ್ಷದಿಂದ ಜಪಾನಿನಲ್ಲಿರುವವನು. ಅವನ ಸಲಹೆ ಕೇಳಬೇಕಾದ್ದೇ ಇಲ್ಲ, ತಾನಾಗಿಯೇ ಬರುತ್ತದೆ.

"ನೋಡು ನಟರಾಜ, ಡೈರೆಕ್ಟರ್ ಎದುರಿಗೆ ನಿನ್ನ ಬಗ್ಗೆ ನೀನೇ ಕೊಚ್ಕೋಬೇಡ. ಇಲ್ಲಿ ಅದು ಆಗ್ಬರಲ್ಲ. ನಾನು ದಡ್ಡ, ನಂಗೇನೂ ಬರಲ್ಲ, ಎಲ್ರಿಗೂ ತೊಂದರೆ ಕೊಡ್ತಿದೀನಿ ಅಂತ ಹೇಳ್ಬೇಕು. ಆಗ ಅವ್ರೇ, ಛೆ ಛೆ, ಹಾಗೇನಿಲ್ಲ ಅಂತಾರೆ. ಅಷ್ಟೇ, ಕೆಲಸ ಆಯ್ತು ಅಂತ್ಲೇ ಅರ್ಥ."

"ಗ್ಯಾರಂಟಿನಾ?"

"ನನ್ ಪ್ರಮೋಷನ್ ಹೆಂಗಾಯ್ತು ಅನ್ಕೊಂಡಿದೀಯ?"

ಕಾತ್ಯಾಯಿನಿ ಚಿತ್ರಾನ್ನದ ಡಬ್ಬಿಯ ಮುಚ್ಚಳ ಒತ್ತುತ್ತಾ ಹೇಳಿದಳು. "ರೀ, ಅದೆಲ್ಲ ಇರ್ಲಿ. ಯಾರಾದ್ರೂ ಮೈಕ್ ಕೊಟ್ರೆ ಎರಡು ನಿಮಿಷಕ್ಕೆ ಮುಗಿಸ್ಬಿಡಿ. ಮೂರನೇ ನಿಮಿಷಕ್ಕೆ ನಾನು ಕೆಮ್ತೀನಿ. ಕೆಮ್ಮಿದ್ರೆ ಕೂತ್ಕೊಳ್ಬೇಕು."

"ಅಪ್ಪಾ, ಟುಡೇ ನೋ ಸ್ಪೀಚ್, ಪ್ಲೀಸ್," ಎಂದಳು ನಿಧಿ, ಅಪ್ಪನ ಶೂ ಮುಂದಿಡುತ್ತಾ.

ತಾಯಿ ಮಗಳು ಪಂದ್ಯದ ಹೊತ್ತಿಗೆ ಬರುವುದೆಂದಾಯಿತು. ನಟರಾಜ ಮುಂಚೆಯೇ ಹೊರಟು ಮುಸಾಶಿ-ಕೊಸುಗಿ ಸ್ಟೇಷನ್ನಿನಲ್ಲಿ ಡ್ವೇನ್‌ನನ್ನು ಕಂಡ. ಹುಡುಕಬೇಕಾದ ಕಷ್ಟವೇನೂ ಇರಲಿಲ್ಲ. ಆರೂಕಾಲು ಅಡಿಯ ಆಸಾಮಿ, ಜನಸಂದಣಿಯಿಂದ ಒಂದು ತಲೆ ಮೇಲೆ ನಿಂತು ಕೊಂಬಿನಿ ಅಂಗಡಿಯ ಅನ್ನದುಂಡೆಯನ್ನು ಪ್ಲಾಸ್ಟಿಕ್ ಸಮೇತ ಕಚ್ಚುತ್ತಿದ್ದ. ನಟರಾಜ ಪ್ಲಾಸ್ಟಿಕ್ ಬಿಡಿಸುವ ಕ್ರಮ ತೋರಿಸಿಕೊಟ್ಟ. ಇಬ್ಬರಿಗೂ ಅಲ್ಲಿಯೇ ಸ್ನೇಹವಾಯಿತು.

ಅಮೆರಿಕನ್ ಫುಟ್‌ಬಾಲ್ ಬಗ್ಗೆ ನಟರಾಜನಿಗೆ ಗೊತ್ತಿದ್ದದ್ದು ಅದನ್ನು ಹೆಲ್ಮೆಟ್ ಹಾಕಿಕೊಂಡು ಆಡುತ್ತಾರೆ ಎಂಬುದಷ್ಟೇ. ಆದರೆ ಅವನು ಹುಟ್ಟಾ ಕುತೂಹಲದ ಪ್ರಾಣಿ. ರೈಲಿನಲ್ಲಿ ಕೂತ ಕೂಡಲೇ ಕೇಳಲು ಶುರು ಮಾಡಿದ. ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು, ಏನು ಮಾಡುತ್ತಾನೆ.

"ಚೆಂಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡೋನು," ಎಂದ ಡ್ವೇನ್ ತನ್ನ ರಾಗ ಎಳೆಯುವ ಇಂಗ್ಲಿಷಿನಲ್ಲಿ. "ತೀರ್ಮಾನ ಮಾಡೋಕೆ ಸಿಗೋದು ಮೂರು ಸೆಕೆಂಡ್. ಅಷ್ಟರಲ್ಲಿ ಎದುರು ತಂಡದವರು ಬಂದು ಅವನನ್ನು ಕೆಡವುತ್ತಾರೆ."

"ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಥರ."

"ಅವರನ್ನೂ ಕೆಡವುತ್ತಾರಾ?"

"ಇಲ್ಲ, ಈಮೇಲ್ ಕಳಿಸ್ತಾರೆ."

ಡ್ವೇನ್ ತನ್ನ ಕತೆ ಬಿಚ್ಚಿದ. ಕಾಲೇಜಿನಲ್ಲಿದ್ದಾಗ ಶನಿವಾರ ಮಧ್ಯಾಹ್ನ ಮೂವತ್ತು ಸಾವಿರ ಜನ ಅವನ ಹೆಸರು ಕೂಗುತ್ತಿದ್ದರಂತೆ. ಊರಿನ ಕ್ಷೌರಿಕ ಅವನ ಫೋಟೋ ಕನ್ನಡಿಯ ಪಕ್ಕ ಅಂಟಿಸಿದ್ದನಂತೆ. ಕಾಲೇಜು ಮುಗಿಯಿತು, ದೊಡ್ಡ ಲೀಗಿನವರು ಯಾರೂ ಕರೆಯಲಿಲ್ಲ. ಕರೆದದ್ದು ಅರೀನಾ ಫುಟ್‌ಬಾಲ್‌ನವರು.

"ಅರೀನಾ ಅಂದ್ರೆ?"

ಮನೆಯೊಳಗೆ ಕ್ರಿಕೆಟ್ ಆಡಿದಂತೆ ಎಂದುಕೊಳ್ಳಿ. ಛಾವಣಿಯ ಕೆಳಗೆ, ಅರ್ಧ ಮೈದಾನದಲ್ಲಿ ಆಟ. ಸುತ್ತಲೂ ಗೆರೆಯ ಬದಲು ಸೊಂಟದೆತ್ತರದ ಗೋಡೆ, ಗೋಡೆಗೆ ಮೆತ್ತೆ. ಓಡುವವನು ಗೋಡೆಗೆ ಡಿಕ್ಕಿ ಹೊಡೆದೇ ನಿಲ್ಲಬೇಕು. ಗೋಲಿನ ಪಕ್ಕದ ಬಲೆಗೆ ಬಡಿದು ಚೆಂಡು ವಾಪಸ್ಸು ಬಂದರೂ ಆಟ ನಡೆಯುತ್ತಲೇ ಇರುತ್ತದೆ. ಡ್ವೇನ್ ಏಳು ವರ್ಷ ಇದನ್ನೇ ಆಡಿದ. ಐದು ಊರು, ಐದು ತಂಡ. ಅವುಗಳಲ್ಲಿ ಮೂರು ತಂಡ ಅವನಿರುವಾಗಲೇ ಮುಚ್ಚಿಹೋದವು. ಒಂದು ತಂಡ ಮುಚ್ಚಿದ್ದು ಅವನಿಗೆ ಗೊತ್ತಾದದ್ದು, ಅಭ್ಯಾಸಕ್ಕೆ ಹೋದಾಗ ಅಲ್ಲಿ ನಾಯಿಗಳ ಸೌಂದರ್ಯ ಸ್ಪರ್ಧೆ ನಡೆಯುತ್ತಿದ್ದುದನ್ನು ನೋಡಿ. ಆಟವಿಲ್ಲದ ಚಳಿಗಾಲದಲ್ಲಿ ಟೈರ್ ಕಂಪನಿಯೊಂದರ ದೂರು ವಿಭಾಗದಲ್ಲಿ ಫೋನ್ ಎತ್ತುತ್ತಿದ್ದ.

"ಈಗ ನಿಮಗೇನು ಬೇಕು ಡ್ವೇನ್?" ನಟರಾಜ ಕೇಳಿದ. ಅವನ ದನಿಯಲ್ಲಿ ಮರುಕವಿತ್ತು.

"ಒಂದು ಕುರ್ಚಿ. ಎದ್ದು ಹೋಗಿ ವಾಪಸ್ಸು ಬಂದರೂ ಅಲ್ಲೇ ಇರುವಂಥದ್ದು."

ನನಗೂ ಅಷ್ಟೇ ಬೇಕಿರುವುದು ಎಂದು ನಟರಾಜನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಇಳಿಯುವ ಸ್ಟೇಷನ್ ಬಂತು.

ಪಂದ್ಯ ಒಂದು ಗಂಟೆಗೆ ಶುರುವಾಯಿತು. ನಟರಾಜ ಗೆರೆಯಾಚೆ ಕೋಚ್ ಪಕ್ಕದಲ್ಲಿ ನಿಂತ. ಡ್ವೇನ್ ಎಸೆದ ಮೊದಲ ಎರಡು ಚೆಂಡು ಯಾರಿಗೂ ಸಿಗದೆ ನೆಲಕ್ಕೆ ಬಿದ್ದವು. ಕೋಚ್ ಮುಖ ಕೆಂಪಾಗಿಸಿಕೊಂಡು, "ಇಂಥದನ್ನು ಇನ್ನೊಮ್ಮೆ ಎಸೆಯಬೇಡ ಎಂದು ಹೇಳಿ," ಎಂದರು. ಬರೀ ಅಷ್ಟನ್ನೇ ಹೇಳಿ ಕೈತೊಳೆದುಕೊಳ್ಳುವ ಪೈಕಿಯೇ ನಟರಾಜ? ಡ್ವೇನ್ ನೀರಿಗೆಂದು ಬಂದಾಗ ಹೇಳಿದ: "ಕೋಚ್ ನಿಮ್ಮ ತೋಳ್ಬಲವನ್ನ ಮನಸಾರೆ ಮೆಚ್ಚಿದಾರೆ. ಇಂಥ ಎಸೆತ ಇಪ್ಪತ್ತು ವರ್ಷದಲ್ಲಿ ನೋಡಿಲ್ವಂತೆ. ಆದರೆ ನಮ್ಮವರು ನಿಮ್ಮಷ್ಟು ಎತ್ತರ ಇಲ್ಲ, ಸ್ವಲ್ಪ ಕೆಳಗೆ ಎಸೆದರೆ ಉಪಕಾರವಾಗುತ್ತೆ ಅಂದ್ರು."

ಡ್ವೇನ್ ಕಣ್ಣು ಕೋಚ್ ಕಡೆ ತಿರುಗಿ ತಂಪಾಯಿತು. ಮುಂದಿನದನ್ನು ಕೆಳಗೆ ಎಸೆದ. ಹಿಡಿದರು. ಅದರ ಮುಂದಿನದನ್ನೂ ಹಿಡಿದರು. ಕೋಚ್ ನಟರಾಜನತ್ತ ತಿರುಗಿ ಸಣ್ಣಗೆ ತಲೆ ಬಾಗಿಸಿದರು. ದೂರದಲ್ಲಿ ಕೂತಿದ್ದ ನಿರ್ದೇಶಕರು ಅದನ್ನು ನೋಡಿದರೆಂದು ನಟರಾಜನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಕೊನೆಯ ನಿಮಿಷ. ನಾಲ್ಕು ಅಂಕ ಹಿಂದಿದ್ದರು. ಚೆಂಡು ಡ್ವೇನ್ ಕೈಯಲ್ಲಿತ್ತು, ಮೂವರು ಅವನ ಬೆನ್ನು ಹತ್ತಿದ್ದರು. ಅವನು ಬಲಕ್ಕೆ ಓಡಿದ, ಓಡುತ್ತಲೇ ಚೆಂಡನ್ನು ದೂರ ಎಸೆದ, ಎಸೆದ ಮೇಲೂ ಓಡಿದ. ಏಳು ವರ್ಷದ ಅಭ್ಯಾಸ ನೋಡಿ, ಗೋಡೆ ಸಿಗುವವರೆಗೆ ನಿಲ್ಲುವುದು ಕಾಲಿಗೆ ಗೊತ್ತಿರಲಿಲ್ಲ. ಇಲ್ಲಿ ಗೋಡೆಯಿರಲಿಲ್ಲ. ಇದ್ದದ್ದು ನಟರಾಜ, ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು.

ಕಾತ್ಯಾಯಿನಿಯ ಹನ್ನೆರಡು ವರ್ಷದ ಅಡುಗೆ ಅಂದು ಕೆಲಸಕ್ಕೆ ಬಂತು. ನಟರಾಜನಿಗೆ ಒಂದು ಗೀರೂ ಬೀಳಲಿಲ್ಲ. ಡ್ವೇನ್ ಮಾತ್ರ ಅವನ ಹೊಟ್ಟೆಯಿಂದ ಪುಟಿದು, ಬಲ ಭುಜ ಕೆಳಗಾಗಿ ಬಿದ್ದ. ಹಳದಿ ಅನ್ನ, ಕಡಲೆಬೀಜ ಇಬ್ಬರ ಮೇಲೂ ಅಕ್ಷತೆಯಂತೆ ಉದುರಿತು. ಅತ್ತ ಗೋಲಿನಲ್ಲಿ ಚೆಂಡು ಹಿಡಿದಾಗಿತ್ತು, ತಂಡ ಗೆದ್ದಿತ್ತು.

ವೈದ್ಯರು ಭುಜ ಮುಟ್ಟಿ, ಅಲ್ಲಾಡಿಸಿ, ಹಳೆಯ ಏಟುಗಳ ಲೆಕ್ಕ ಕೇಳಿ, ಕೊನೆಗೆ ನಟರಾಜನ ಕಡೆ ನೋಡಿದರು. ಈ ಕೈಯಿಂದ ಇನ್ನು ಚೆಂಡು ಎಸೆಯುವಂತಿಲ್ಲ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಟರಾಜನಿಗೆ ಸೇರಿಸಲು ಒಂದು ಮಾತೂ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ.

ಡ್ವೇನ್ ಅಂಗಿಯ ಮೇಲಿದ್ದ ಒಂದು ಕಡಲೆಬೀಜ ತೆಗೆದು ಬಾಯಿಗೆ ಹಾಕಿಕೊಂಡ. "ಕಾಫಿ ಕಪ್ ಎತ್ತಬಹುದಾ ಕೇಳಿ."

"ಎತ್ತಬಹುದಂತೆ."

"ಹಾಗಾದರೆ ಸರಿ. ಇದು ಚೆನ್ನಾಗಿದೆ, ಏನಿದು?"

ನಾಲ್ಕು ಗಂಟೆಗೆ ಸ್ಟೇಡಿಯಂ ಪಕ್ಕದ ಹಾಲಿನಲ್ಲಿ ವಿಜಯದ ಕೂಟ. ನಿರ್ದೇಶಕರು ನಾಲ್ಕು ಮಾತಾಡಿ, "ಡ್ವೇನ್-ಸಾನ್ ಅವರನ್ನು ನಟರಾಜ-ಸಾನ್ ಪರಿಚಯಿಸಲಿ," ಎಂದು ಮೈಕನ್ನು ನಟರಾಜನಿಗೆ ಕೊಟ್ಟೇಬಿಟ್ಟರು. ಹಿಂದಿನ ಸಾಲಿನಲ್ಲಿ ನಿಧಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಬೇರೆ ದಿನವಾಗಿದ್ದರೆ ಎರಡು ನಿಮಿಷಕ್ಕೆ ಮುಗಿಸುತ್ತಿದ್ದನೋ ಏನೋ. ಇವತ್ತು ಒಬ್ಬನ ಆಟದ ಬದುಕು ತನ್ನ ಹೊಟ್ಟೆಗೆ ಬಡಿದು ಮುಗಿದಿದೆ. ಹೊಗಳುವುದರಲ್ಲಿ ಜಿಪುಣತನ ಮಾಡಿದರೆ ದೇವರು ಮೆಚ್ಚುತ್ತಾನೆಯೇ? ನಟರಾಜ ಕೊರಳು ಸರಿಮಾಡಿಕೊಂಡ. ಯುಗಾದಿಗೆ ಕನ್ನಡದಲ್ಲಿ ಹರಿಯುವುದು ಇಂದು ಜಪಾನಿಯಲ್ಲಿ ಹರಿಯಿತು.

ಡ್ವೇನ್-ಸಾನ್ ಬರೀ ಆಟಗಾರರಲ್ಲ. ಸರಳ ಸಜ್ಜನರು, ಬಹುಮುಖ ಪ್ರತಿಭೆ. ಐದು ಊರು ಸುತ್ತಿದರೂ ಒಬ್ಬರೊಡನೆಯೂ ಮನಸ್ತಾಪವಿಲ್ಲದ ಅಜಾತಶತ್ರು. ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡಬಲ್ಲವರು. ಟೈರ್ ಸಿಡಿದು ಸಿಡಿಮಿಡಿಗೊಂಡವರು ಫೋನ್ ಮಾಡಿದರೆ ನಗಿಸಿ ಕಳಿಸಿದವರು. ಅವರ ಇಂಗ್ಲಿಷ್ ಕೇಳಿದರೆ ಮುನಿದ ಗ್ರಾಹಕನೂ ಕರಗಬೇಕು. ಮೂರನೇ ನಿಮಿಷಕ್ಕೆ ಕಾತ್ಯಾಯಿನಿ ಕೆಮ್ಮಿದಳು. ಐದಕ್ಕೆ ಜೋರಾಗಿ ಕೆಮ್ಮಿದಳು. ಏಳಕ್ಕೆ ಪಕ್ಕದ ಹೆಂಗಸು ಅವಳಿಗೆ ಒಂದು ಮಾಸ್ಕ್, ಎರಡು ಗಂಟಲಿನ ಮಾತ್ರೆ ಕೊಟ್ಟು ಸ್ವಲ್ಪ ದೂರ ಸರಿದು ಕೂತಳು.

ಹನ್ನೊಂದನೇ ನಿಮಿಷಕ್ಕೆ ನಟರಾಜನಿಗೆ ಉದಯ್ ಹೇಳಿದ್ದು ನೆನಪಾಯಿತು. ದನಿ ತಗ್ಗಿಸಿದ.

"ಇನ್ನು ನನ್ನ ಬಗ್ಗೆ ಹೇಳುವುದಕ್ಕೇನೂ ಇಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಎಲ್ಲಿ ನಿಂತರೂ ಇನ್ನೊಬ್ಬರಿಗೆ ಅಡ್ಡ ನಿಲ್ಲುವವನು. ನನ್ನನ್ನು ಎಲ್ಲಿ ಕೂರಿಸಿದರೂ ಕಂಪನಿಗೆ ಹೊರೆಯೇ. ದಯವಿಟ್ಟು ಕ್ಷಮಿಸಿ."

ಸೊಂಟದವರೆಗೆ ಬಾಗಿ, ಬಾಗಿದಲ್ಲಿಯೇ ಕಿವಿ ನಿಮಿರಿಸಿ, ಛೆ ಛೆ ಹಾಗೇನಿಲ್ಲ ಎನ್ನುವುದಕ್ಕಾಗಿ ಕಾದ. ಯಾರೂ ಅನ್ನಲಿಲ್ಲ. ತಲೆ ಎತ್ತಿ ನೋಡಿದರೆ ನಿರ್ದೇಶಕರು ಸಣ್ಣ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಆಮೇಲೆ ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೆಲವರು ಕಣ್ಣೊರೆಸಿಕೊಂಡರು. ನಟರಾಜನಿಗೆ ಕುರ್ಚಿ ಸಿಕ್ಕೇಬಿಟ್ಟಿತು ಅನ್ನಿಸಿತು.

ಅರ್ಧ ಗಂಟೆಯ ನಂತರ ಕುರೋದಾ-ಸಾನ್ ಅವನನ್ನು ಚಹಾದ ಮೇಜಿನ ಹತ್ತಿರ ಕರೆದರು.

"ನಟರಾಜ-ಸಾನ್, ಅದ್ಭುತ ಭಾಷಣ. ನಿರ್ದೇಶಕರು ಕೂತಲ್ಲೇ ತೀರ್ಮಾನ ಮಾಡಿದರು."

"ಅರಿಗಾತೋ ಗೊಜೈಮಾಸು. ಯಾವತ್ತಿನಿಂದ ನಾನು…"

"ನಿಮಗೇ ಗೊತ್ತು, ನಮ್ಮ ಆಟಗಾರರು ಕಂಪನಿಯ ನೌಕರರೇ. ಆಟ ನಿಂತವರಿಗೆ ಒಂದು ಮೇಜು ಕೊಡುವುದು ನಮ್ಮ ಪದ್ಧತಿ. ಯಾವ ಮೇಜು ಎಂಬ ಚಿಂತೆಯಿತ್ತು. ನೀವು ಬಗೆಹರಿಸಿದಿರಿ. ವಿದೇಶಿ ಗ್ರಾಹಕರ ವಿಭಾಗ ಡ್ವೇನ್-ಸಾನ್ ಅವರಿಗೆ."

"ಅಲ್ಲ, ಅದು… ನಾನು ಸುಮ್ಮನೆ ಗೌರವಕ್ಕೆ ಹೊಗಳಿದ್ದು, ಕುರೋದಾ-ಸಾನ್. ನಮ್ಮಲ್ಲಿ ಹಾಗೆ ಹೊಗಳ್ತೀವಿ."

ಕುರೋದಾ-ಸಾನ್ ನಕ್ಕರು. ಇದನ್ನೂ ವಿನಯವೆಂದೇ ತಿಳಿದರು.

"ನಮ್ಮ ಕಂಪನಿಯವರನ್ನು ನಾವೇ ಹೊಗಳುವುದು ಇಲ್ಲಿ ರೂಢಿಯಿಲ್ಲ. ಆದರೂ ನೀವು ಸಂಕೋಚ ಬಿಟ್ಟು ಹತ್ತು ನಿಮಿಷ ಹೊಗಳಿದಿರಿ. ಹಾಗಾದರೆ ಅದು ನಿಜವೇ ಇರಬೇಕು ಎಂದರು ನಿರ್ದೇಶಕರು." ಒಂದು ಗುಟುಕು ಚಹಾ ಕುಡಿದು, ಮೆಲ್ಲಗೆ ಮುಂದುವರಿಸಿದರು. "ಆಮೇಲೆ ನಿಮ್ಮ ಬಗ್ಗೆ ಹೇಳಿದಿರಿ. ಅಷ್ಟು ನಿಜ ಹೇಳುವವರು ಇದನ್ನು ಮಾತ್ರ ಸುಳ್ಳು ಹೇಳಿಯಾರೆ ಎಂದರು. ನಗೋಯಾದ ಕೆಲಸದಲ್ಲಿ ಮಾತಿನ ಅಗತ್ಯವಿಲ್ಲ. ಏಪ್ರಿಲ್ ಒಂದಕ್ಕೆ ಹಾಜರಾಗಬಹುದು."

ಅಷ್ಟರಲ್ಲಿ ಡ್ವೇನ್ ಬಂದು ಸರಿಯಿದ್ದ ಒಂದೇ ಕೈಯಿಂದ ನಟರಾಜನನ್ನು ನೆಲದಿಂದ ಎತ್ತಿಬಿಟ್ಟ. "ಏಳು ವರ್ಷದಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಗೋಡೆ ನೀವು," ಎಂದ. ಅವನ ಕಣ್ಣಲ್ಲಿ ನೀರಿತ್ತು. ಬೈಯಬೇಕೆಂದು ಬಾಯಿ ತೆರೆದ ನಟರಾಜನಿಂದ ಹೊರಬಿದ್ದದ್ದು, "ಕುರ್ಚಿ ಕಿಟಕಿ ಪಕ್ಕ ಇದೆ, ಬೆಳಕು ಚೆನ್ನಾಗಿ ಬರುತ್ತೆ," ಎಂಬ ಮಾತು. ಮೂರು ವಾರದಿಂದ ದಿನಾ ಹೋಗಿ ನೋಡಿ ಬರುತ್ತಿದ್ದನಲ್ಲ.

ಮನೆಗೆ ಹೋಗುವ ರೈಲಿನಲ್ಲಿ ಕಾತ್ಯಾಯಿನಿ ಗಂಟಲಿನ ಮಾತ್ರೆ ಚೀಪುತ್ತಿದ್ದಳು. ನಿಧಿ ಅಪ್ಪನ ಹೊಟ್ಟೆಗೆ ಒರಗಿ ಕೂತು, "ನಗೋಯಾಗೆ ಶಿಂಕಾನ್‌ಸೆನ್ ಟ್ರೇನ್‌ನಲ್ಲಿ ಒನ್ ಅಂಡ್ ಹಾಫ್ ಅವರ್ ಅಷ್ಟೇ ಅಪ್ಪಾ. ಎವ್ರಿ ಸ್ಯಾಟರ್ಡೇ ಬಾ," ಎಂದಳು. ನಟರಾಜ ಅವಳ ತಲೆ ಸವರಿದ. ಆಗ ಉದಯ್ ಫೋನ್ ಬಂತು.

"ಎಲ್ಲಾ ಗೊತ್ತಾಯ್ತು, ಕಾತ್ಯಾಯಿನಿಯವರು ಮೆಸೇಜ್ ಹಾಕಿದ್ರು. ನೀನೇನೂ ತಲೆ ಕೆಡಿಸ್ಕೋಬೇಡ. ನಗೋಯಾ ಕನ್ನಡ ಬಳಗದ ಅಪರ್ಣಾ ಅವ್ರಿಗೆ ಈಗ್ಲೇ ಫೋನ್ ಮಾಡಿ ನಿನ್ ವಿಷ್ಯ ಹೇಳಿದೀನಿ."

"ಏನಂತ ಹೇಳ್ದೆ?"

"ಒಬ್ನೇ ಬರ್ತಿದಾನೆ, ಪಾಪ, ಬೇಜಾರಾಗ್ಬಾರ್ದು. ಯುಗಾದಿಗೆ ಅವನ ಕೈಗೊಂದು ಮೈಕ್ ಕೊಟ್ಬಿಡಿ ಅಂದೆ."